ಎಡಗಡೆ ಸೀಟಿನ ಬ್ರೇಕು

ಹಳೇ ಕಾರನ್ನು ಶೋರೂಮಿನವರಿಗೆ ಒಪ್ಪಿಸಿ ಹೊಸದರ ಕೀ ಇಸಿದುಕೊಂಡ ದಿನವೇ ನನಗೆ ಹೆದರಿಕೆ ಶುರುವಾಗಿತ್ತು. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ಬಸವೇಶ್ವರನಗರದಲ್ಲಿ ಹೆಂಗಸರಿಗೆ ಕಾರು ಕಲಿಸುವ ಹೆಂಗಸು ಎಂದು ಹೆಸರಾದವಳು ನಾನು. ಹೊಸ ಗಾಡಿ ನೋಡಿ ನಾನೇ ಹೆದರಿದೆ ಅಂತ ಗೊತ್ತಾದರೆ ನನ್ನ ಪಕ್ಕ ಯಾರು ಬಂದು ಕೂರುತ್ತಾರೆ?

ಅಲ್ಲಿಯವರೆಗೆ ಒಂದೇ ಕಂಪನಿಯ ಕಾರುಗಳು. ಒಂದಾದ ಮೇಲೆ ಒಂದರಂತೆ ಮೂರು ಸಣ್ಣ ಕಾರು, ಮೂರರಲ್ಲೂ ಎಲ್ಲವೂ ಇದ್ದಲ್ಲೇ ಇತ್ತು. ಕಣ್ಣು ಮುಚ್ಚಿಕೊಂಡು ಕೈ ಚಾಚಿದರೆ ಹ್ಯಾಂಡ್‌ಬ್ರೇಕು ಸಿಗುತ್ತಿತ್ತು. ಎಂಜಿನ್ ಆಫ್ ಆಗುವುದು ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತಿತ್ತು. ಹನ್ನೊಂದು ವರ್ಷ ನಾನು ಕೂತದ್ದು ಎಡಗಡೆ ಸೀಟಿನಲ್ಲಿ. ಕಲಿಯುವವರು ಬಲಗಡೆ ಸ್ಟೇರಿಂಗ್ ಹಿಡಿದಿರುತ್ತಾರೆ, ಎಡಗಡೆ ನನ್ನ ಕಾಲಡಿಯಲ್ಲಿ ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು. ಡ್ರೈವಿಂಗ್ ಸ್ಕೂಲಿನ ಕಾರೆಂದರೆ ಅಷ್ಟೇ ವ್ಯತ್ಯಾಸ.

ಆದರೆ ಆ ಹೊತ್ತಿಗೆ, ವಿಜಯನಗರದ ಕಡೆ ಮೆಟ್ರೋಗೆಂದು ರಸ್ತೆ ಅಗೆಯುತ್ತಿದ್ದ ಕಾಲದಲ್ಲಿ, ನಮ್ಮ ಸುತ್ತಮುತ್ತಲ ಮನೆಗಳ ಮುಂದೆ ಎತ್ತರದ ಗಾಡಿಗಳು ಬಂದು ನಿಲ್ಲತೊಡಗಿದ್ದವು. ನನ್ನ ಹತ್ತಿರ ಕಲಿತು ಲೈಸೆನ್ಸ್ ಮಾಡಿಸಿಕೊಂಡ ಹೆಂಗಸರೇ ವಾಪಸ್ ಬಂದು, "ಮನೇಲಿರೋ ಗಾಡಿ ಹತ್ತಿದ್ರೆ ಕೈಕಾಲೇ ಆಡಲ್ಲ ಮೇಡಂ, ಬಾನೆಟ್ಟೇ ಕಾಣಲ್ಲ" ಅನ್ನುತ್ತಿದ್ದರು. ನನ್ನ ಹಳೇ ಕಂಪನಿಯಲ್ಲಿ ಆಗ ಅಂಥ ಗಾಡಿ ಇರಲಿಲ್ಲ. ಬೇರೆ ಕಂಪನಿಯವರು ಒಂದು ಗಿಡ್ಡ ಎಸ್‌ಯುವಿ ಬಿಟ್ಟಿದ್ದರು. ಉದ್ದದಲ್ಲಿ ಸಣ್ಣ ಕಾರಿನಷ್ಟೇ, ಎತ್ತರದಲ್ಲಿ ಜೀಪಿನಷ್ಟು. ಕಲಿಸುವುದಕ್ಕೆ ಇದೇ ಸರಿ ಅಂತ ಧೈರ್ಯ ಮಾಡಿ ಕಂಪನಿ ಬದಲಾಯಿಸಿದೆ.

ದೇವಸ್ಥಾನದ ಮುಂದೆ ಪೂಜೆ ಮಾಡಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಗಾಡಿ ಮುಂದಕ್ಕೆ ತೆಗೆಯಿರಿ ಅಂದರು ಅರ್ಚಕರು. ಕ್ಲಚ್ ಬಿಟ್ಟೆ. ನಿಂಬೆಹಣ್ಣಿನ ಮೇಲೆ ಹತ್ತುವ ಮೊದಲೇ ಎಂಜಿನ್ ಆಫ್ ಆಯಿತು. ಅರ್ಚಕರು ನನ್ನನ್ನು ನೋಡಿದರು, ನಾನು ಎದುರಿನ ಮರ ನೋಡಿದೆ. ಹೊಸ ಗಾಡಿಯ ಕ್ಲಚ್ಚು ಬಹಳ ಮೇಲೆ ಹಿಡಿಯುತ್ತಿತ್ತು. ರಿವರ್ಸ್ ಗೇರು ಹಳೆಯದರಲ್ಲಿ ಬಲಗಡೆ ಕೆಳಗೆ, ಇದರಲ್ಲಿ ಎಡಗಡೆ ಮೇಲೆ. ಇಂಡಿಕೇಟರು ಹಾಕಬೇಕೆಂದು ಬಲಗೈ ಕಡ್ಡಿ ಒತ್ತಿದರೆ ಒಣಗಿದ ಗಾಜಿನ ಮೇಲೆ ವೈಪರು ಕಿರುಗುಟ್ಟುತ್ತಾ ಓಡಾಡುತ್ತಿತ್ತು. ಮನೆಗೆ ಬರುವಷ್ಟರಲ್ಲಿ ಸೀರೆಯ ಬೆನ್ನೆಲ್ಲ ಒದ್ದೆಯಾಗಿತ್ತು.

ಎಡಗಡೆ ಪೆಡಲು ಕೂರಿಸಲು ಕಾಮಾಕ್ಷಿಪಾಳ್ಯದ ವೆಲ್ಡಿಂಗ್ ಮೇಸ್ತ್ರಿಯ ಹತ್ತಿರ ಹೋದೆ. ಹಳೇ ಮೂರೂ ಕಾರಿಗೆ ಅವರೇ ಮಾಡಿಕೊಟ್ಟಿದ್ದರು. ಹಳೇ ಕಂಪನಿಯ ಗಾಡಿಗೆ ಅಳತೆ ಅವರಿಗೆ ಬಾಯಿಪಾಠ. ಇದಕ್ಕೆ ಎರಡು ದಿನ ಕೆಳಗೆ ಮಲಗಿ, ಟೇಪು ಹಿಡಿದು, ಡ್ರೈವರ್ ಕಡೆಯ ಪೆಡಲಿನಿಂದ ನನ್ನ ಕಡೆಗೆ ಕಬ್ಬಿಣದ ರಾಡು ಎಳೆದು ಬೆಸುಗೆ ಹಾಕಿದರು. ಕೂತು ಒತ್ತಿ ನೋಡಿದೆ. ಕಲ್ಲು ಒತ್ತಿದ ಹಾಗಿತ್ತು.

"ಏನ್ ಮೇಸ್ತ್ರಿ ಇದು, ಸಂಜೆ ಹೊತ್ತಿಗೆ ನನ್ನ ಮಂಡಿ ಬಿದ್ದುಹೋಗತ್ತೆ."

"ರಾಡು ಅಡ್ಡ ಬರೋ ಜಾಗ ಕಮ್ಮಿ ಮೇಡಂ ಇದ್ರಲ್ಲಿ. ಬಿಗಿ ಇರತ್ತೆ. ಆದ್ರೆ ಭದ್ರ."

"ನನಗೆ ಹಳೇ ಗಾಡಿ ಥರಾನೇ ಬೇಕು. ಮೆತ್ತಗೆ."

"ಹಾಗಾದ್ರೆ ಕೇಬಲ್ ಹಾಕ್ಬೇಕು, ಬೈಕಿನ ಕ್ಲಚ್ ವೈರ್ ಥರ. ಕೇಬಲ್ ಬೇಡ ಮೇಡಂ. ಬರ್ತಾ ಬರ್ತಾ ಜಗ್ಗತ್ತೆ."

"ಹಾಕಿ ನೀವು. ಹನ್ನೊಂದು ವರ್ಷದಿಂದ ನಾನು ಒತ್ತಿಲ್ವಾ?"

ಅವರು ಕೇಬಲ್ ಹಾಕಿದರು. ಪೆಡಲು ಮೆತ್ತಗಾಯಿತು, ಹಳೇ ಕಾರಿನ ಹಾಗೇ. ಆ ಇಡೀ ವಾರದಲ್ಲಿ ನನಗೆ ಸಮಾಧಾನವಾದ ಒಂದೇ ಗಳಿಗೆ ಅದು.

ಆ ಗಾಡಿಯಲ್ಲಿ ಕಲಿಯಲು ಬಂದ ಮೊದಲಿಗರಲ್ಲಿ ಒಬ್ಬರು ಹೈಸ್ಕೂಲ್ ಟೀಚರು. ಗದಗದ ಕಡೆಯವರು, ಐವತ್ತರ ಆಸುಪಾಸು, ಶ್ರೀಗಂಧದ ಕಾವಲ್‌ನಲ್ಲಿ ಮನೆ. ಮೊದಲ ದಿನವೇ ವಿಷಯ ಹೇಳಿಬಿಟ್ಟರು.

"ನಮ್ಮನಿಯವರಿಗೆ ಲಕ್ವಾ ಹೊಡದೈತ್ರಿ. ವಾರಕ್ಕ ಮೂರು ಸಲ ಫಿಸಿಯೋಥೆರಪಿಗೆ ಕರಕೊಂಡು ಹೋಗಬೇಕು. ಆಟೋದಾಗ ಅವರನ್ನ ಹತ್ತಸಾಕ ಆಗವಲ್ದು. ಮನಿ ಮುಂದ ಗಾಡಿ ನಿಂತೈತಿ, ಇಂಥಾದ, ಎತ್ತರ ಸೀಟು. ಡ್ರೈವರ್ ಇಟ್ಟು ನೋಡಿದೆ, ನಾಕು ದಿನ ಬಂದು ಐದನೇ ದಿನ ಫೋನ್ ಎತ್ತಂಗಿಲ್ಲ. ನನಗ ಬ್ಯಾರೆ ದಾರಿ ಇಲ್ಲರಿ. ಕಲೀಲೇಬೇಕು."

ನಾನು ಎಂದಿನಂತೆ ಹೇಳಿದೆ: "ಹದಿನೈದು ದಿನ ಸಾಕು ಟೀಚರ್. ನಾನಿದೀನಲ್ಲ."

ಇಲ್ಲಿ ನಮ್ಮ ಕಸುಬಿನ ಒಂದು ಒಳಮಾತು ಹೇಳಬೇಕು. ಹದಿನೈದು ದಿನದಲ್ಲಿ ಯಾರೂ ಕಾರು ಕಲಿಯುವುದಿಲ್ಲ. ಕಲಿತೆವು ಅಂದುಕೊಳ್ಳುತ್ತಾರೆ, ಯಾಕೆಂದರೆ ಕಾಲು ನಮ್ಮದು, ಸ್ಟೇರಿಂಗ್ ಮಾತ್ರ ಅವರದು. ಗಾಡಿ ಆಫ್ ಆಗುವ ಮೊದಲೇ ನಾವು ಎಡಗಡೆಯಿಂದ ಕ್ಲಚ್ ಒತ್ತುತ್ತೇವೆ. ಎದುರಿಗೆ ಹಸು ಬಂದರೆ ಅವರ ಬಾಯಿಂದ "ಅಯ್ಯೋ" ಬರುವ ಮೊದಲೇ ನಾವು ಬ್ರೇಕ್ ಹಿಡಿದಿರುತ್ತೇವೆ. ಮೂರನೇ ದಿನಕ್ಕೆ ಅವರು ಮನೆಗೆ ಹೋಗಿ, "ಇವತ್ತು ಒಂದ್ಸಲಾನೂ ಆಫ್ ಆಗಲಿಲ್ಲ" ಅಂತ ಹೇಳಿಕೊಳ್ಳುತ್ತಾರೆ. ಮರುದಿನ ಅವರ ತಂಗಿಯೂ ಸೇರಿಕೊಳ್ಳುತ್ತಾಳೆ. ನನ್ನ ಹೆಸರು ಬೆಳೆದದ್ದು ಹೀಗೆ. ಇದರಲ್ಲಿ ತಪ್ಪೇನಿದೆ ಅಂತ ನಾನು ಹನ್ನೊಂದು ವರ್ಷ ಯೋಚಿಸಿರಲಿಲ್ಲ.

ಟೀಚರೂ ಹಾಗೇ ಮುಂದುವರಿದರು. "ಕ್ಲಚ್" ಅಂದರೆ ಕ್ಲಚ್ ಒತ್ತುತ್ತಿದ್ದರು. ಬ್ರೇಕು ಅಂತ ನಾನು ಹೇಳುತ್ತಲೇ ಇರಲಿಲ್ಲ, ನಾನೇ ಹಿಡಿಯುತ್ತಿದ್ದೆ. ಅವರ ಬಲಗಾಲು ಆಕ್ಸಿಲರೇಟರ್ ಬಿಟ್ಟು ಸುಮ್ಮನೆ ನೆಲದ ಮೇಲೆ ಕೂತಿರುತ್ತಿತ್ತು. ಕಾಪಿ ತಿದ್ದುವ ಶಿಸ್ತಿನ ಹೆಂಗಸು, ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದರು.

ಹನ್ನೆರಡನೇ ದಿನ ಬೆಳಿಗ್ಗೆ ಹೇರೋಹಳ್ಳಿ ಕಡೆ ಕರೆದುಕೊಂಡು ಹೋದೆ. ಅಲ್ಲಿ ಹೊಸ ಸೈಟುಗಳ ನಡುವೆ ಒಂದು ಉದ್ದನೆಯ ಇಳಿಜಾರು ರಸ್ತೆ. ಡಾಂಬರು ಕಿತ್ತುಹೋಗಿ ಜಲ್ಲಿ ಎದ್ದಿತ್ತು. ಎರಡೂ ಬದಿ ಅರ್ಧ ಕಟ್ಟಿದ ಮನೆಗಳು, ಮರಳಿನ ಗುಡ್ಡೆಗಳು. ಇಳಿಜಾರಿನ ಕೊನೆಯಲ್ಲಿ ರಸ್ತೆ ಬಲಕ್ಕೆ ತಿರುಗುತ್ತದೆ, ಆ ತಿರುವಿನಲ್ಲೇ ಒಂದು ಇಸ್ತ್ರಿ ಗಾಡಿ. ಇಸ್ತ್ರಿಯವನು ನಮ್ಮ ಕಡೆ ಬೆನ್ನು ಹಾಕಿಕೊಂಡು ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ. ದಿಬ್ಬದ ಮೇಲಿಂದಲೇ ಅವನ ನೀಲಿ ಅಂಗಿ ಕಾಣುತ್ತಿತ್ತು.

ಎರಡನೇ ಗೇರಿನಲ್ಲಿ ಇಳಿಯುತ್ತಿದ್ದೆವು. ಅರ್ಧ ದಾರಿಯಲ್ಲಿ "ಕ್ಲಚ್" ಅಂದೆ. ಟೀಚರು ಪೂರ್ತಿ ಒತ್ತಿದರು. ಎಂಜಿನ್ನಿನ ಹಿಡಿತ ಬಿಟ್ಟು ಗಾಡಿ ಹಗುರಾಗಿ ಉರುಳತೊಡಗಿತು. ನಾನು ಎಂದಿನಂತೆ ಬ್ರೇಕಿನ ಮೇಲೆ ಕಾಲಿಟ್ಟೆ. ಕಾಲಡಿಯಲ್ಲಿ ಟಕ್ ಅಂತ ಏನೋ ಕಳಚಿತು. ಪೆಡಲು ನೆಲಕ್ಕೆ ಅಂಟಿಕೊಂಡಿತು.

ಇನ್ನೊಮ್ಮೆ ಒತ್ತಿದೆ. ಅಲ್ಲಿ ಏನೂ ಇರಲಿಲ್ಲ.

"ಬ್ರೇಕ್ ಒತ್ತಿ" ಅಂದೆ. ಟೀಚರು ಕ್ಲಚ್ಚನ್ನೇ ಇನ್ನಷ್ಟು ಒತ್ತಿ ಹಿಡಿದರು. ಅವರ ಕಾಲಿಗೆ ಗೊತ್ತಿದ್ದ ಪೆಡಲು ಅದೊಂದೇ.

"ಬ್ರೇಕು ಟೀಚರ್, ಬ್ರೇಕು."

"ನೀವ ಹಿಡೀತೀರಲ್ರಿ" ಅಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ, ಪೂರ್ತಿ ನಂಬಿಕೆಯಿಂದ.

ನನ್ನ ಬಲಗೈ ತಾನಾಗಿ ಹ್ಯಾಂಡ್‌ಬ್ರೇಕಿಗೆ ಹೋಯಿತು, ಹಳೇ ಕಾರಿನಲ್ಲಿ ಅದು ಇದ್ದ ಜಾಗಕ್ಕೆ. ಕೈಗೆ ಸಿಕ್ಕಿದ್ದು ನೀರಿನ ಬಾಟಲಿ. ಅದನ್ನೇ ಮೇಲಕ್ಕೆ ಎಳೆದೆ. ಈ ಗಾಡಿಯಲ್ಲಿ ಹ್ಯಾಂಡ್‌ಬ್ರೇಕು ಇನ್ನಷ್ಟು ಹಿಂದೆ, ಡ್ರೈವರ್ ಸೀಟಿಗೆ ಒತ್ತಿಕೊಂಡಿತ್ತು. ಬಾಟಲಿ ಬಿಸಾಡಿ ತಡಕಾಡುವಷ್ಟರಲ್ಲಿ ನೀಲಿ ಅಂಗಿಯ ಮೇಲಿನ ಸುಟ್ಟ ಕಲೆ ಕಾಣುವಷ್ಟು ಹತ್ತಿರ ಬಂದಿದ್ದೆವು. ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದು ಎಳೆದೆ. ಹಿಂದಿನ ಚಕ್ರ ಜಲ್ಲಿಯ ಮೇಲೆ ಕೊರೆಯುತ್ತಾ ಜಾರಿ, ಗಾಡಿ ಸೊಟ್ಟಕ್ಕೆ ತಿರುಗಿ ನಿಂತಿತು. ಇಸ್ತ್ರಿ ಗಾಡಿಗೂ ನಮಗೂ ನಡುವೆ ಒಂದು ಮಾರು ಇತ್ತೋ ಇಲ್ಲವೋ.

ಇಸ್ತ್ರಿಯವನು ಕೆಂಡದ ಪೆಟ್ಟಿಗೆ ಮುಚ್ಚಿ ತಿರುಗಿ ನೋಡಿದ. ಧೂಳು ಇನ್ನೂ ಇಳಿದಿರಲಿಲ್ಲ.

"ಬಟ್ಟೆ ಕೊಡೋದಿತ್ತಾ ಮೇಡಂ?"

ಇಲ್ಲ ಅಂತ ತಲೆಯಾಡಿಸಿದೆ.

ಟೀಚರನ್ನು ಎಡಗಡೆ ಕೂರಿಸಿ ನಾನೇ ಓಡಿಸಿಕೊಂಡು ಬಂದೆ, ಮೊದಲ ಗೇರಿನಲ್ಲಿ, ಅಲ್ಲಿಂದ ಅವರ ಮನೆಯವರೆಗೆ. ಹೊರಡುವ ಮೊದಲು ಡ್ರೈವರ್ ಕಡೆಯ ಬ್ರೇಕು ಒತ್ತಿ ನೋಡಿದೆ. ಗಟ್ಟಿಯಾಗಿ ಹಿಡಿಯಿತು. ಕಂಪನಿಯವರು ಕೊಟ್ಟ ಬ್ರೇಕಿಗೆ ಏನೂ ಆಗಿರಲಿಲ್ಲ. ಅದು ಅಷ್ಟು ಹೊತ್ತೂ ಟೀಚರ ಕಾಲಿನ ಪಕ್ಕದಲ್ಲೇ ಇತ್ತು. ಅದನ್ನು ಒತ್ತಬೇಕೆಂದು ಹನ್ನೆರಡು ದಿನದಲ್ಲಿ ನಾನು ಅವರಿಗೆ ಕಲಿಸಿರಲಿಲ್ಲ.

ಮೂರು ದಿನ ಕ್ಲಾಸು ನಿಲ್ಲಿಸಿದೆ. ಗಾಡಿ ಸರ್ವೀಸಿಗೆ ಹೋಗಿದೆ ಅಂತ ಎಲ್ಲರಿಗೂ ಸುಳ್ಳು ಹೇಳಿದೆ. ಗಾಡಿ ಮನೆ ಮುಂದೆಯೇ ಹೊದಿಕೆ ಹೊದ್ದು ನಿಂತಿತ್ತು. ಎಡಗಡೆ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟು, ಮತ್ತೆ ಹೊರಕ್ಕೆ ತೆಗೆದು ಬಾಗಿಲು ಹಾಕುತ್ತಿದ್ದೆ. ಅತ್ತಿಗುಪ್ಪೆಯಲ್ಲಿರುವ ಅಕ್ಕನ ಮನೆಗೆ ಸಿಟಿ ಬಸ್ಸಿನಲ್ಲಿ ಹೋದರೆ, ಪ್ರತಿ ಸ್ಟಾಪಿನಲ್ಲೂ ನನ್ನ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಕಣ್ಣು ಮುಚ್ಚಿದರೆ ಆ ನೀಲಿ ಅಂಗಿ.

"ಯಾಕೆ ಒದ್ದಾಡ್ತೀಯ, ಕೊಟ್ಟುಬಿಡು ಇದನ್ನ" ಅಂದರು ನಮ್ಮನೆಯವರು. "ಹಳೇ ಕಂಪನಿದೇ ಒಂದು ಸಣ್ಣ ಗಾಡಿ ತಗೋ ಕಣೇ. ಕೈ ಕೂತಿದೆ ನಿಂಗೆ."

ಎರಡು ದಿನ ನಾನೂ ಅದನ್ನೇ ಯೋಚಿಸಿದೆ. ಎಷ್ಟು ಸುಲಭ. ಆದರೆ ಹಳೇ ಕಾರಿನಲ್ಲಿ ಕಲಿತು ಹೋದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ನೆನಪಿಗೆ ಬರತೊಡಗಿದರು. ಮನೆಯ ಗಾಡಿ ಹತ್ತಿದರೆ ಕೈಕಾಲು ಆಡುವುದಿಲ್ಲ ಅಂದಿದ್ದರಲ್ಲ, ಅದು ಗಾಡಿಯ ಎತ್ತರದಿಂದ ಅಂತ ನಾನು ತಿಳಿದಿದ್ದೆ. ಎತ್ತರದಿಂದಲ್ಲ. ಅಲ್ಲಿ ಎಡಗಡೆ ನನ್ನ ಕಾಲು ಇರಲಿಲ್ಲ, ಅದಕ್ಕೆ. ಇಷ್ಟು ವರ್ಷ ಹೊಗಳಿಸಿಕೊಂಡದ್ದಕ್ಕೆಲ್ಲ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ದಿಗಿಲಾಯಿತು. ಅವರೆಲ್ಲ ಎಲ್ಲೆಲ್ಲಿ ಓಡಿಸುತ್ತಿದ್ದಾರೋ.

ನಾಲ್ಕನೇ ದಿನ ಗಾಡಿಯನ್ನು ಮೇಸ್ತ್ರಿಯ ಹತ್ತಿರ ಒಯ್ದೆ. ಅವರು ಕೆಳಗೆ ಬಗ್ಗಿ ಕೇಬಲ್ ಎಳೆದು ತೋರಿಸಿದರು. ತುದಿಯಲ್ಲಿ ಹಿಡಿದುಕೊಳ್ಳಬೇಕಾದ ಸೀಸದ ಗುಂಡು ಕಿತ್ತು ಬಂದಿತ್ತು. ನಾನು ಹೇಳಿರಲಿಲ್ಲವೇ ಅಂತ ಅವರು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

"ತಪ್ಪು ನಂದೇ ಮೇಸ್ತ್ರಿ. ರಾಡೇ ಹಾಕಿ."

"ಬಿಗಿ ಇರತ್ತೆ."

"ಇರಲಿ. ಬ್ರೇಕಿಗೆ ಮಾತ್ರ ಹಾಕಿ. ಕ್ಲಚ್ ಬೇಡ."

ಅವರು ಕನ್ನಡಕ ಹಣೆಗೇರಿಸಿದರು. "ಎಲ್ಲಾ ಸ್ಕೂಲ್ನೋರು ಮೊದ್ಲು ಕ್ಲಚ್ಚೇ ಕೇಳೋದು ಮೇಡಂ. ಕ್ಲಚ್ ಇಲ್ದೆ ಗಾಡಿ ನಿಮಿಷಕ್ಕೊಂದ್ಸಲ ಆಫ್ ಮಾಡ್ತಾರೆ. ಹಿಂದಿನಿಂದ ಬಸ್ನೋನು ಹಾರ್ನ್ ಹೊಡೀತಾನೆ."

"ಹೊಡೀಲಿ."

ಕೆಲಸ ಮುಗಿದ ಮೇಲೆ ಕುರುಬರಹಳ್ಳಿ ಕಡೆಯ ಒಂದು ಇಳಿಜಾರಿಗೆ ಮೇಸ್ತ್ರಿಯನ್ನೇ ಎಡಗಡೆ ಕೂರಿಸಿಕೊಂಡು ಹೋದೆ. ನಾನು ಓಡಿಸಿದೆ, ಅವರು ಅವರ ರಾಡು ಒತ್ತಿದರು. ಹತ್ತು ಸಲ. ಹತ್ತೂ ಸಲ ನಿಂತಿತು. ಏಳನೆಯದಕ್ಕೆ ಅವರ ಹಣೆ ಗಾಜಿಗೆ ತಾಗಿತು, "ಸಾಕಲ್ವಾ ಮೇಡಂ" ಅಂದರು. ಆಮೇಲೆ ಮನೆ ಮುಂದೆ ಕಣ್ಣು ಮುಚ್ಚಿ ಕೂತು ಹ್ಯಾಂಡ್‌ಬ್ರೇಕ್ ಹುಡುಕುವುದನ್ನು ಅಭ್ಯಾಸ ಮಾಡಿದೆ. ಕೈ ಮೊದಮೊದಲು ಬಾಟಲಿಯ ಜಾಗಕ್ಕೇ ಹೋಗುತ್ತಿತ್ತು. ಬಾಟಲಿ ತೆಗೆದಿಟ್ಟೆ. ಎರಡು ಸಂಜೆ ಬೇಕಾಯಿತು.

ಟೀಚರಿಗೆ ಫೋನ್ ಮಾಡಲು ಬಾಯಿ ಬಂದಿರಲಿಲ್ಲ. ಅವರೇ ನಮ್ಮ ಡ್ರೈವಿಂಗ್ ಸ್ಕೂಲಿನ ಆಫೀಸಿಗೆ ಬಂದರು. ಎಲ್ಲವನ್ನೂ ಹೇಳಿದೆ. ಕೇಬಲ್ ಹಾಕಿಸಿದ್ದು ನನ್ನ ಹಟ ಅಂತ ಹೇಳಿದೆ. ಹನ್ನೆರಡು ದಿನ ಗಾಡಿ ನಿಲ್ಲಿಸಿದ್ದು, ಆಫ್ ಆಗದ ಹಾಗೆ ನೋಡಿಕೊಂಡದ್ದು ನನ್ನ ಕಾಲು ಅಂತಲೂ ಹೇಳಿದೆ. ಅವರು ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು.

"ಅಂದ್ರ ನಾ ಇಷ್ಟು ದಿವಸ ಏನ್ ಕಲ್ತೆನ್ರಿ?"

"ಸ್ಟೇರಿಂಗ್ ತಿರುಗಿಸೋದು."

"ಹುಡುಗರ ಪೇಪರ್ ನಾನ ಬರದು, ನಾನ ಮಾರ್ಕ್ಸ್ ಹಾಕಿದಂಗಾತಲ್ರಿ ಇದು. ನಾಳೆ ನಮ್ಮನಿಯವರು ಪಕ್ಕದಾಗ ಕುಂತಿರ್ತಾರ. ಅವರಿಗೆ ಕಾಲು ಎತ್ತಾಕ ಬರಂಗಿಲ್ಲ. ಅವಾಗ ಯಾರು ಹಿಡೀತಿದ್ರು?"

ಬೇರೆ ಸ್ಕೂಲಿಗೆ ಹೋಗುವುದಾದರೆ ನಾನೇ ಒಂದನ್ನು ಗೊತ್ತು ಮಾಡಿಕೊಡುತ್ತೇನೆ ಅಂದೆ. ಅವರು ಎದ್ದು ನಿಂತರು. ಹೊರಟೇ ಬಿಟ್ಟರು ಅಂದುಕೊಂಡೆ.

"ಇನ್ನೊಂದ್ಕಡೆನೂ ಹಿಂಗ ಮಾಡ್ತಾರಲ್ರಿ? ನೀವರ ಖರೆ ಹೇಳೀರಿ. ನಾಳೆ ಮುಂಜಾನೆ ಬರ್ತೀನಿ" ಅಂದರು.

ಮತ್ತೆ ಮೈದಾನದಿಂದ ಶುರು ಮಾಡಿದೆವು. ಮೊದಲ ಬೆಳಿಗ್ಗೆ ಗಾಡಿ ಎಷ್ಟು ಸಲ ಆಫ್ ಆಯಿತೋ ಇಬ್ಬರೂ ಲೆಕ್ಕ ಬಿಟ್ಟೆವು. ಕ್ರಿಕೆಟ್ ಆಡುವವರು ನಿಂತು ನೋಡಿ ನಕ್ಕರು. ಟೀಚರ ಮೇಲುತುಟಿಯ ಮೇಲೆ ಬೆವರು. ನನ್ನ ಪಾಡು ಅವರದಕ್ಕಿಂತ ಕಷ್ಟ. ಎಂಜಿನ್ ಗೊರಗೊರ ಅಂದ ಕೂಡಲೇ ನನ್ನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತಿತ್ತು. ಬಲಗಾಲು ಅವರಿಗಿಂತ ಮೊದಲು ಬ್ರೇಕ್ ಒತ್ತುತ್ತಿತ್ತು. "ನೀವ ಒತ್ತಿದ್ರಿ" ಅಂತ ಪ್ರತಿ ಸಲ ಪತ್ತೆ ಹಚ್ಚುತ್ತಿದ್ದರು, ಕಾಪಿ ಹೊಡೆಯುವವರನ್ನು ಹಿಡಿದು ಅಭ್ಯಾಸವಿದ್ದವರು. ಹೆದರಿದ ಕಾಲು ಮಾತು ಕೇಳುವುದಿಲ್ಲ ಅಂತ ಆಗ ಗೊತ್ತಾಯಿತು.

ಎಂಟು ಬೆಳಿಗ್ಗೆಗಳಾದ ಮೇಲೆ ಅವರೇ ಹೇಳಿದರು. "ಆ ಇಳಿಜಾರಿಗೆ ಹೋಗೂಣ್ರಿ. ಇಲ್ಲಾಂದ್ರ ನನ್ನ ಅಂಜಿಕಿ ಹೋಗಂಗಿಲ್ಲ."

ನನ್ನ ಅಂಜಿಕೆಯ ಬಗ್ಗೆ ಅವರು ಕೇಳಲಿಲ್ಲ. ಹಿಂದಿನ ದಿನವೇ ಒಬ್ಬಳೇ ಹೋಗಿ ಆ ರಸ್ತೆಯನ್ನು ಮೇಲಿಂದ ಕೆಳಗೆ ನಡೆದೆ. ಇಸ್ತ್ರಿಯವನಿಗೆ, ನಾಳೆ ಬೆಳಿಗ್ಗೆ ಅರ್ಧ ಗಂಟೆ ನಿನ್ನ ಗಾಡಿಯನ್ನು ಪಕ್ಕದ ಸೈಟಿನೊಳಕ್ಕೆ ತಳ್ಳಿಕೊಳ್ಳಪ್ಪ ಅಂದೆ.

"ಯಾಕ್ ಮೇಡಂ?"

"ನಮ್ಮ ಟೀಚರ್ ಇಳೀತಾರೆ."

ಅವನಿಗೆ ಆ ದಿನದ ಧೂಳು ನೆನಪಾಯಿತೋ ಏನೋ. "ತಳ್ತೀನಿ ಬಿಡಿ" ಅಂದ.

ಮರುದಿನ ದಿಬ್ಬದ ಮೇಲೆ ಗಾಡಿ ನಿಲ್ಲಿಸಿ ನಾನು ಚಪ್ಪಲಿ ಬಿಚ್ಚಿದೆ. ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಲಮಕ್ಕಲ ಹಾಕಿ ಕೂತೆ. ಕಾಲು ಕೆಳಗಿದ್ದರೆ ಅದು ಒತ್ತೇ ಒತ್ತುತ್ತದೆ ಅಂತ ನನಗೆ ಗೊತ್ತಿತ್ತು. ಬಲಗೈಯನ್ನು ಹ್ಯಾಂಡ್‌ಬ್ರೇಕಿನ ಮೇಲಿಟ್ಟೆ, ಸರಿಯಾದ ಜಾಗದಲ್ಲಿ. ಸೀರೆಯನ್ನು ಮಂಡಿಯ ಮೇಲೆ ಸರಿಮಾಡಿಕೊಂಡೆ. ಟೀಚರು ರಸ್ತೆಯನ್ನೇ ನೋಡುತ್ತಿದ್ದರು, ಇದ್ಯಾವುದನ್ನೂ ಗಮನಿಸಲಿಲ್ಲ.

"ಹೋಗ್ಲೇನ್ರಿ?"

"ಹೋಗಿ."

ಗಾಡಿ ಇಳಿಯತೊಡಗಿತು. ಜಲ್ಲಿ ಚಕ್ರದಡಿ ಚರಚರ ಅಂದಿತು. ಆವತ್ತು "ಕ್ಲಚ್" ಅಂದ ಜಾಗ ಬಂತು. ನಾನು ಏನೂ ಹೇಳಲಿಲ್ಲ, ಹೇಳಬಾರದು ಅಂತ ಮೊದಲೇ ಮಾತಾಗಿತ್ತು. ಮರಳಿನ ಗುಡ್ಡೆ ದಾಟಿತು. ತಿರುವು ಹತ್ತಿರ ಬರುತ್ತಿತ್ತು. ಇಸ್ತ್ರಿಯವನು ಪಕ್ಕದ ಸೈಟಿನಲ್ಲಿ ಪೆಟ್ಟಿಗೆ ಎತ್ತಿ ಹಿಡಿದುಕೊಂಡೇ ನಿಂತುಬಿಟ್ಟಿದ್ದ. ಇನ್ನು ಎಳೆಯಬೇಕು, ಈಗ ಎಳೆಯಬೇಕು ಅಂತ ನನ್ನ ಕೈ ಹೇಳುತ್ತಿತ್ತು. ತೊಡೆಯಡಿಯಲ್ಲಿ ಸಿಕ್ಕಿಕೊಂಡ ಪಾದಗಳು ಒದ್ದಾಡಿದವು. ಅಷ್ಟು ಹೆದರಿಕೆ ಗಾಡಿ ಜಾರಿದ ದಿನವೂ ನನಗೆ ಆಗಿರಲಿಲ್ಲ. ಆವತ್ತು ಯೋಚಿಸಲು ಸಮಯವಿರಲಿಲ್ಲ, ಇವತ್ತು ಇತ್ತು.

ಟೀಚರ ಬಲಗಾಲು ಆಕ್ಸಿಲರೇಟರಿನಿಂದ ಎದ್ದು ಪಕ್ಕಕ್ಕೆ ಸರಿಯಿತು. ಮೊದಲು ಬ್ರೇಕು, ಮೆಲ್ಲಗೆ. ಆಮೇಲೆ ಕ್ಲಚ್ಚು. ಗಾಡಿ ಮೂಗು ಸ್ವಲ್ಪ ತಗ್ಗಿಸಿ, ತಿರುವಿಗಿಂತ ಬಹಳ ಮೊದಲೇ, ನೇರವಾಗಿ ನಿಂತಿತು. ಎಂಜಿನ್ ಆಫ್ ಕೂಡ ಆಗಲಿಲ್ಲ.

ಟೀಚರು ಉಸಿರು ಬಿಟ್ಟರು. ನನ್ನ ಕಡೆ ತಿರುಗಿ ಅದೇ ಅನುಮಾನದಲ್ಲಿ ಕೇಳಿದರು: "ನೀವ ಹಿಡದ್ರೇನ್ರಿ?"

ನಾನು ಕೆಳಗೆ ನೋಡಿದೆ. ಅವರೂ ನೋಡಿದರು. ಪೆಡಲಿನ ಪಕ್ಕ ನನ್ನ ಚಪ್ಪಲಿ ಖಾಲಿ ಬಿದ್ದಿದ್ದವು, ಕಾಲು ಸೀಟಿನ ಮೇಲಿದ್ದವು. ಟೀಚರು ಸುಮಾರು ಹೊತ್ತು ಆ ಕಾಲುಗಳನ್ನೇ ನೋಡಿದರು. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆಯಲು ಕೈ ಚಾಚಿದರು. ಅದರ ಮೇಲೆ ನನ್ನ ಕೈ ಇನ್ನೂ ಬಿಗಿಯಾಗಿತ್ತು, ಅವರೇ ಒಂದೊಂದು ಬೆರಳಾಗಿ ಬಿಡಿಸಬೇಕಾಯಿತು.

ಇಳಿದು ಗಾಳಿ ಕುಡಿಯೋಣ ಅಂತ ಬಾಗಿಲು ತೆಗೆದೆ. ಕಾಲು ಜೋಮು ಹಿಡಿದು ಮರಗಟ್ಟಿದ್ದವು, ಕೆಳಗಿಡಲು ಆಗಲಿಲ್ಲ. ಸೀಟು ಬೇರೆ ಎತ್ತರ. ಟೀಚರು ಎಂಜಿನ್ ಆಫ್ ಮಾಡಿ, ಕೀ ತೆಗೆದುಕೊಂಡು, ಗಾಡಿ ಸುತ್ತಿ ನನ್ನ ಬಾಗಿಲಿಗೆ ಬಂದರು. ಮನೆಯಲ್ಲಿ ದಿನಾ ಮಾಡುವ ಕೆಲಸ, ಅವರಿಗೆ ಗೊತ್ತಿತ್ತು. ಒಂದು ಕೈ ನನ್ನ ಕಂಕುಳಿಗೆ ಕೊಟ್ಟರು, ಇನ್ನೊಂದನ್ನು ಮಂಡಿಯಡಿಗೆ.

"ಮೆಲ್ಲಕ ಇಳೀರಿ" ಅಂದರು. "ನಾ ಹಿಡದೀನಿ."